ನೇಣಿಗೇರಿದ ನಿರಪರಾಧಿಗೆ ‘ಕ್ಷಮಾದಾನ’: ಈ ಪದ ಸಲ್ಲುತ್ತದೆಯೇ?

ಗೆಳೆಯರೇ,

ಬ್ರಿಟನ್ನಿನಲ್ಲಿ ಮರಣದಂಡನೆ ಹೇಗೆ ಕೊನೆಗೊಂಡಿತು ಎಂಬ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕ್ಷಮಾದಾನ’ ಎಂಬ ಒಂದು ಪದ ಒಂದು ವಾರದಿಂದ ನನ್ನನ್ನು ಮುಂದಕ್ಕೆ ಹೋಗಲು ಬಿಡುತ್ತಿಲ್ಲ.

ಸಂದರ್ಭ ಹೀಗಿದೆ. 1952ರ ನವೆಂಬರಿನ ಒಂದು ರಾತ್ರಿ ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ನಿನಲ್ಲಿ ಇಬ್ಬರು ಹುಡುಗರು ಕಳವಿಗೆಂದು ಗೋದಾಮಿನ ಮಾಡು ಹತ್ತಿದರು. ಹದಿನಾರು ವರ್ಷದ ಕ್ರಿಸ್ಟೋಫರ್ ಕ್ರೇಗ್ ಹಾರಿಸಿದ ಗುಂಡಿಗೆ ಸಿಡ್ನಿ ಮೈಲ್ಸ್ ಎಂಬ ಪೊಲೀಸರು ಬಲಿಯಾದರು. ಹದಿನೆಂಟು ತುಂಬದ ಕ್ರೇಗ್‌ನನ್ನು ಗಲ್ಲಿಗೇರಿಸಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಗುಂಡು ಹಾರುವ ಹೊತ್ತಿಗಾಗಲೇ ಪೊಲೀಸರ ವಶದಲ್ಲಿದ್ದ ಹತ್ತೊಂಬತ್ತರ ಡೆರೆಕ್ ಬೆಂಟ್ಲಿಯನ್ನು 1953ರ ಜನವರಿ 28ರಂದು ನೇಣಿಗೇರಿಸಿದರು.

‘ಅವನಿಗೆ ಕೊಡು, ಕ್ರಿಸ್’ ಎಂದು ಬೆಂಟ್ಲಿ ಕೂಗಿದನೆಂದು ಪೊಲೀಸರು ಸಾಕ್ಷಿ ನುಡಿದಿದ್ದರು. ಹುಡುಗರಿಬ್ಬರೂ ಅದನ್ನು ಅಲ್ಲಗಳೆದರು. ಇಂಗ್ಲಿಷಿನ ಆ ಮಾತಿಗೆ ರಿವಾಲ್ವರನ್ನು ಪೊಲೀಸನ ಕೈಗೆ ಒಪ್ಪಿಸು ಎಂಬ ಅರ್ಥವೂ ಇದೆ, ಹೊಡೆ ಎಂಬ ಅರ್ಥವೂ ಇದೆ. ಇದನ್ನು ಅನುವಾದಿಸುವುದು ಹೇಗೆಂದು ಹೆದರಿದ್ದೆ. ಆದರೆ ನಮ್ಮ ‘ಕೊಡು’ ಎರಡನ್ನೂ ಹೊರುತ್ತದೆ. ‘ಪುಸ್ತಕ ಕೊಡು’ ಎನ್ನುತ್ತೇವೆ, ‘ಕೆನ್ನೆಗೆ ಎರಡು ಕೊಡು’ ಎಂದೂ ಎನ್ನುತ್ತೇವೆ. ಆ ವಾಕ್ಯ ಸಲೀಸಾಗಿ ಬಂತು.

ಕಷ್ಟ ಶುರುವಾದದ್ದು ಮುಂದೆ. ಅವನ ಅಕ್ಕ ಐರಿಸ್ ದಶಕಗಳ ಕಾಲ ಹೋರಾಡಿದ ಮೇಲೆ, 1993ರಲ್ಲಿ ಬೆಂಟ್ಲಿಗೆ ರಾಣಿಯ ಹೆಸರಿನಲ್ಲಿ ಕ್ಷಮೆ ದೊರೆಯಿತು. ಅದು ಅನ್ವಯಿಸಿದ್ದು ಶಿಕ್ಷೆಗೆ ಮಾತ್ರ. ಕೊಲೆಗಾರ ಎಂಬ ತೀರ್ಪು ಹಾಗೆಯೇ ಉಳಿಯಿತು. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನೇ ರದ್ದುಪಡಿಸಿತು. ಅದನ್ನು ಕೇಳಲು ಐರಿಸ್ ಬದುಕಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಇವೆರಡನ್ನೂ ‘ಶಿಕ್ಷೆ ರದ್ದು’ ಎಂದು ಬರೆಯುವುದು ನಮ್ಮ ಪತ್ರಿಕೆಗಳ ರೂಢಿ. ನೇಣಾಗಿ ನಲವತ್ತೈದು ವರ್ಷವಾದವನ ಶಿಕ್ಷೆಯಲ್ಲಿ ರದ್ದು ಮಾಡಲು ಏನು ಉಳಿದಿದೆ? ‘ಕ್ಷಮಾದಾನ’ ಇನ್ನೂ ತೊಡಕಿನದು. ರಾಷ್ಟ್ರಪತಿಗಳಿಗೆ ಸಲ್ಲಿಸುವ ‘ಕ್ಷಮಾದಾನ ಅರ್ಜಿ’ಯಿಂದಾಗಿ ನಮ್ಮಲ್ಲಿ ಅದು ಮನೆಮಾತಾಗಿದೆ. ತಪ್ಪಿದ್ದರಲ್ಲವೇ ಕ್ಷಮೆ? ‘ಮನ್ನಾ’ ಎಂದರೂ ಅಷ್ಟೇ, ಸಾಲ ಇತ್ತು ಎಂದು ಒಪ್ಪಿಕೊಂಡ ಮೇಲೆಯೇ ಸಾಲ ಮನ್ನಾ. ಟಿಮತಿ ಇವಾನ್ಸ್‌ನ ಕಥೆಯಲ್ಲಿ ಈ ಪದ ನನ್ನನ್ನು ನಿಜವಾಗಿಯೂ ನೋಯಿಸಿತು. ಸ್ವಂತ ಮಗುವನ್ನು ಕೊಂದನೆಂದು 1950ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಮೂರು ವರ್ಷದ ಬಳಿಕ, ಅವನ ವಿರುದ್ಧ ಸಾಕ್ಷಿ ಹೇಳಿದ್ದ, ಅದೇ ಮನೆಯಲ್ಲಿ ವಾಸವಿದ್ದ ಜಾನ್ ಕ್ರಿಸ್ಟಿಯೇ ಸರಣಿ ಕೊಲೆಗಾರ ಎಂಬುದು ಬಯಲಾಯಿತು. 1966ರಲ್ಲಿ ಇವಾನ್ಸ್‌ಗೆ ಸಿಕ್ಕಿದ್ದು ‘ಕ್ಷಮೆ’. ಮಗುವನ್ನು ಕಳೆದುಕೊಂಡವನನ್ನು ಕೊಂದು, ಆಮೇಲೆ ಅವನನ್ನೇ ಕ್ಷಮಿಸುವುದು! ಇಂಥ ಕ್ಷಮೆಯಿಂದ ಶಿಕ್ಷೆಯ ಬಾಧೆಗಳು ನೀಗುತ್ತವೆಯೇ ಹೊರತು ಅಪರಾಧಿ ಎಂಬ ತೀರ್ಪು ಅಳಿಯುವುದಿಲ್ಲವೆಂದು ಅಲ್ಲಿನ ನ್ಯಾಯಾಲಯವೇ 1984ರಲ್ಲಿ ಬೇರೊಂದು ಪ್ರಕರಣದಲ್ಲಿ ಹೇಳಿದೆ.

ಇನ್ನು ‘ದಾನ’. ಬೆಂಟ್ಲಿಗೆ ಜೀವದಾನ ನಿರಾಕರಿಸಿದ ಗೃಹಸಚಿವ ಡೇವಿಡ್ ಮ್ಯಾಕ್ಸ್‌ವೆಲ್ ಫೈಫ್, ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ ಕರಡು ರೂಪಿಸಿದವರಲ್ಲಿ ಪ್ರಮುಖರು. 1950ರ ಆ ಒಡಂಬಡಿಕೆಯ ಎರಡನೆಯ ವಿಧಿ ಜೀವಿಸುವ ಹಕ್ಕನ್ನು ಸಾರುತ್ತಲೇ ನ್ಯಾಯಾಲಯ ವಿಧಿಸಿದ ಮರಣದಂಡನೆಗೆ ವಿನಾಯಿತಿ ಕೊಟ್ಟಿತ್ತು. ಹಾಗಾಗಿ ಕಟಕಟೆಯಲ್ಲಿ ನಿಂತವನ ಜೀವ ಆಗ ದೊರೆಯ ದಾನವಾಗಿಯೇ ಉಳಿದಿತ್ತು. 1965ರ ಕಾಯ್ದೆ ಕೊಲೆಗೆ ಗಲ್ಲನ್ನು ಮೊದಲು ಐದು ವರ್ಷಕ್ಕೆ ಮಾತ್ರ ತಡೆಹಿಡಿಯಿತು. ಅದು ಕಾಯಂ ಆದದ್ದು 1969ರಲ್ಲಿ; ಆದ್ದರಿಂದ 1965ಕ್ಕೇ ‘ಶಾಶ್ವತ ರದ್ದು’ ಎಂದು ಬರೆಯುವುದು ತಪ್ಪು. ರಾಜದ್ರೋಹಕ್ಕೆ 1998ರವರೆಗೂ ಗಲ್ಲು ಕಾನೂನಿನಲ್ಲಿತ್ತು. 1999ರಲ್ಲಿ ಮರಣದಂಡನೆಯನ್ನು ರದ್ದುಪಡಿಸುವ, ಒಡಂಬಡಿಕೆಯ ಆರನೆಯ ಪೂರಕ ಒಪ್ಪಂದವನ್ನು, 2003ರಲ್ಲಿ ಯುದ್ಧಕಾಲಕ್ಕೂ ಅನ್ವಯಿಸುವ ಹದಿಮೂರನೆಯದನ್ನು ಬ್ರಿಟನ್ ಅನುಮೋದಿಸಿತು. ‘ದಾನ’ ಹೋಗಿ ‘ಹಕ್ಕು’ ಬಂದ ಈ ದಾರಿಯೇ ಲೇಖನದ ತಿರುಳು. ಅದಕ್ಕೇ ಈ ಪದವನ್ನು ಹಗುರವಾಗಿ ಬಳಸಲು ಮನಸ್ಸು ಒಪ್ಪುತ್ತಿಲ್ಲ.

ಸದ್ಯಕ್ಕೆ 1993ರದ್ದಕ್ಕೆ ‘ಶಿಕ್ಷೆಯ ಮಟ್ಟಿಗಿನ ರಾಜಕ್ಷಮೆ’ ಎಂದೂ 1998ರದ್ದಕ್ಕೆ ‘ಅಪರಾಧಿ ಎಂಬ ತೀರ್ಪು ರದ್ದು’ ಎಂದೂ ಬರೆದುಕೊಂಡಿದ್ದೇನೆ. ‘ಖುಲಾಸೆ’ ಚಿಕ್ಕ ಪದ, ಆದರೆ ಅದರಲ್ಲಿ ಬಿಡುಗಡೆಯ ಅರ್ಥವಿದೆ. ಸತ್ತವನನ್ನು ಎಲ್ಲಿಂದ ಬಿಡಿಸುವುದು? ‘ದೋಷಮುಕ್ತ’ ಪರವಾಗಿಲ್ಲ ಅನ್ನಿಸುತ್ತದೆ. ಆದರೂ ಮೊದಲು ದೋಷವಿತ್ತು, ಆಮೇಲೆ ಕಳೆಯಿತು ಎಂಬ ಛಾಯೆ ಅದರಲ್ಲಿ ನಿಮಗೂ ಕಾಣುತ್ತದೆಯೇ? ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ಕೆಲಸ ಮಾಡುವವರು ಇಂಥ ತೀರ್ಪಿಗೆ ಏನೆನ್ನುತ್ತೀರಿ? ಇವಾನ್ಸ್‌ಗೆ 1966ರಲ್ಲಿ ಸಿಕ್ಕಿದ್ದನ್ನು, ಅವನನ್ನು ಮತ್ತೊಮ್ಮೆ ಅಪರಾಧಿ ಮಾಡದೆ ಹೇಳುವ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.