ಖಾರ ಬಿಟ್ಟರೂ ರಾತ್ರಿ ಎರಡು ಗಂಟೆಗೆ ಎದೆ ಉರಿ, ಯಾಕೆ?

ಡೊಂಬಿವಲಿ ಫಾಸ್ಟ್:

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಊರು ಗದಗ, ಈಗ ಹದಿನೆಂಟು ವರ್ಷದಿಂದ ಮುಂಬೈ ಹತ್ತಿರದ ಡೊಂಬಿವಲಿ. ಎಂಟು ತಿಂಗಳಿಂದ ಎದೆ ಉರಿ. ಮೊದಲು ಎಲ್ಲೋ ವಾರಕ್ಕೊಂದು ಸಲ ಬರುತ್ತಿತ್ತು, ಈಗ ವಾರಕ್ಕೆ ನಾಲ್ಕು ರಾತ್ರಿ. ಎರಡು ಗಂಟೆ ಹೊತ್ತಿಗೆ ಗಂಟಲಿಗೆ ಹುಳಿ ನೀರು ನುಗ್ಗಿ ಕೆಮ್ಮುತ್ತಾ ಎದ್ದು ಕೂರುತ್ತೇನೆ. ಆಮೇಲೆ ನಾಲ್ಕರ ತನಕ ಗೋಡೆಗೆ ಒರಗಿ ಕೂತೇ ಇರುವುದು.

ಆಫೀಸಿನ ಮರಾಠಿ ಗೆಳೆಯರು 'ಪಿತ್ತ ಝಾಲಂ, ತಿಖಟ ಬಂದ್ ಕರ್', ಅಂದರೆ ಪಿತ್ತ ಆಗಿದೆ, ಖಾರ ಬಿಡು ಅಂದರು. ಬಂದ್ ಮಾಡಿದೆ. ವಡಾಪಾವ್ ಬಿಟ್ಟೆ, ಮಿಸಳ್ ಬಿಟ್ಟೆ, ಊರಿಂದ ಅವ್ವ ಕಳಿಸಿದ ರಂಜಕದ (ಕೆಂಪು ಮೆಣಸಿನಕಾಯಿ ಚಟ್ನಿ) ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಕೂತಿದೆ. ಗದಗಿನವನು ರಂಜಕ ಬಿಟ್ಟ ಅಂದ್ರೆ ಎಷ್ಟು ಸಂಕಟ ಅಂತ ನಿಮಗೇ ಗೊತ್ತು. ಆದರೂ ಉರಿ ಕಡಿಮೆ ಆಗಿಲ್ಲ. ಮತ್ತೆ ಯಾಕೆ ಬರುತ್ತಿದೆ?

ದಿನಚರಿ ಹೇಳುತ್ತೇನೆ. ಮಧ್ಯಾಹ್ನ ಸರಿಯಾಗಿ ಊಟ ಆಗಲ್ಲ, ಕಟಿಂಗ್ ಚಹಾ ಐದಾರು ಆಗುತ್ತೆ. ರಾತ್ರಿ ಎಂಟರ ಮೇಲೆ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಫಾಸ್ಟ್ ಲೋಕಲ್ ರೈಲು, ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ಮನೆ ಮುಟ್ಟುವಾಗ ಹತ್ತು ಹತ್ತಿರ. ಆಗ ಹೊಟ್ಟೆ ತುಂಬ ಊಟ, ಹನ್ನೊಂದಕ್ಕೆ ಹಾಸಿಗೆ. ಪಕ್ಕದ ಮೆಡಿಕಲ್‌ನಲ್ಲಿ ಪ್ಯಾಂಟೊಪ್ರಝೋಲ್ 40 ಅಂತ ಆಸಿಡ್ ಮಾತ್ರೆ ಕೊಟ್ಟರು, ಉರಿ ಶುರುವಾದಾಗ ಒಂದು ನುಂಗುತ್ತೇನೆ. ಅದೂ ಏನೂ ಮಾಡುತ್ತಿಲ್ಲ.

—

ಮಾಟುಂಗಾ ಮಾಮ:

ಮಾರಾಯ್ರೆ, ಮೂವತ್ತು ವರ್ಷ ಹೋಟೆಲ್ ಗಲ್ಲಾದಲ್ಲಿ ಕೂತವನು ನಾನು. ಎದೆ ಉರಿ ನನ್ನ ಸಂಸಾರದಲ್ಲೇ ಒಬ್ಬ ಅಂತ ಇಟ್ಟುಕೊಳ್ಳಿ. ಅರ್ಧ ಲೋಟ ತಣ್ಣನೆ ಹಾಲು ಕುಡಿಯಿರಿ, ತಕ್ಷಣ ಆರಾಮ. ಇಲ್ಲದಿದ್ದರೆ ಪುನರ್ಪುಳಿ ಸಾರು. ಅದೂ ಆಗದಿದ್ದರೆ ಗಲ್ಲಾದ ಡ್ರಾಯರ್‌ನಲ್ಲಿ ಈನೋ ಇದ್ದೇ ಇದೆ. ಒಂದು ತೇಗು ಬಂತು ಅಂದ್ರೆ ಮುಗಿಯಿತು.

—

ಪಿಂಪರಿ ಅಕ್ಕ:

ಮಾಮ, ನಿಮ್ಮ ಡ್ರಾಯರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಪುಣೆಯಲ್ಲಿ ಹೊಟ್ಟೆ ವಿಭಾಗದ ಎಂಡೋಸ್ಕೋಪಿ ರೂಮಿನಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದೆ, ಈಗ ರಿಟೈರ್ಡ್. ನಾನು ಡಾಕ್ಟರಲ್ಲ, ಆದರೆ ಈ ಕಥೆ ಸಾವಿರ ಸಲ ಕೇಳಿದ್ದೇನೆ.

ಡೊಂಬಿವಲಿ ತಮ್ಮ, ನೀವು ಖಾರದ ಮೇಲೆ ಸುಮ್ನೆ ಸಿಟ್ಟು ಮಾಡಿಕೊಂಡಿದ್ದೀರಿ. ಹೊಟ್ಟೆಯಲ್ಲಿ ಆಸಿಡ್ ಇರಲೇಬೇಕು, ಅದಕ್ಕೆ ತಕ್ಕ ಒಳಪದರವೂ ಅಲ್ಲಿದೆ. ಆ ಪದರ ಅನ್ನನಾಳಕ್ಕಿಲ್ಲ. ಹಾಗಾಗಿ ಆಸಿಡ್ ಎಷ್ಟಿದೆ ಅನ್ನುವುದಕ್ಕಿಂತ ಅದು ಮೇಲೆ ಯಾಕೆ ಬಂತು, ಬಂದದ್ದು ಯಾಕೆ ಕೆಳಗೆ ಹೋಗಲಿಲ್ಲ ಅಂತ ನೋಡಬೇಕು.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಅದು ಬರೀ ಪೈಪ್ ಅಲ್ಲ. ಹಸುವಿನ ಕೆಚ್ಚಲಿಂದ ಹಾಲು ಹಿಂಡಿದ ಹಾಗೆ ಮೇಲಿನಿಂದ ಕೆಳಕ್ಕೆ ಅಲೆ ಅಲೆಯಾಗಿ ಹಿಂಡುತ್ತದೆ, ತುತ್ತು ಹತ್ತು ಸೆಕೆಂಡಿನೊಳಗೆ ಹೊಟ್ಟೆ ಸೇರುತ್ತದೆ. ತಲೆಕೆಳಗಾಗಿ ನಿಂತು ನೀರು ನುಂಗಿದರೂ ಅದು ಹೊಟ್ಟೆಗೇ ಹೋಗುತ್ತದೆ. ತುದಿಯಲ್ಲಿ ಮೂರ್ನಾಲ್ಕು ಸೆಂಟಿಮೀಟರಿನಷ್ಟು ಒಂದು ಬಿಗಿ ಸ್ನಾಯು ಇದೆ, ಚೀಲದ ಬಾಯಿಗೆ ಹಾಕಿದ ದಾರ ಇದ್ದ ಹಾಗೆ. ನುಂಗುವಾಗ ಸಡಿಲ ಆಗುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಸುತ್ತಲೂ ಇರುವ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಅದನ್ನು ಹೊರಗಿನಿಂದ ಒತ್ತಿ ಹಿಡಿಯುತ್ತದೆ. ಕೆಲವರಿಗೆ ಹೊಟ್ಟೆಯ ಮೇಲ್ಭಾಗ ಆ ವಪೆಯ ಕಿಂಡಿಯಿಂದ ಸ್ವಲ್ಪ ಎದೆ ಕಡೆ ಜಾರಿರುತ್ತದೆ, ಹಯಾಟಸ್ ಹರ್ನಿಯಾ ಅಂತಾರೆ. ಅವರಿಗೆ ದಾರ ಒಂದು ಕಡೆ, ಹಿಡಿಯುವ ಕೈ ಇನ್ನೊಂದು ಕಡೆ.

ಈಗ ನಿಮ್ಮ ರಾತ್ರಿಗೆ ಬನ್ನಿ. ಹೊಟ್ಟೆ ತುಂಬಿ ಹಿಗ್ಗಿದಾಗ ಆ ದಾರ ನೀವು ನುಂಗದಿದ್ದರೂ ಆಗಾಗ ತಾನೇ ಸಡಿಲ ಆಗುತ್ತದೆ. ಗಾಳಿ ಹೊರಗೆ ಬಿಡಲು ದೇಹ ಮಾಡಿಕೊಂಡ ವ್ಯವಸ್ಥೆ ಅದು, ತೇಗು ಬರುವುದೇ ಹಾಗೆ. ನಿಂತಿದ್ದರೆ ಹೆಚ್ಚಾಗಿ ಗಾಳಿಯೇ ಬರುತ್ತದೆ. ಅಷ್ಟೂ ಊಟ ತುಂಬಿದ ಚೀಲವನ್ನು ಮುಕ್ಕಾಲು ಗಂಟೆಯಲ್ಲೇ ಅಡ್ಡ ಮಲಗಿಸಿದರೆ ನೀರೂ ಬರುತ್ತದೆ, ಅಲ್ವಾ? ಜೊತೆಗೆ ಎಚ್ಚರ ಇದ್ದಾಗ ನಾವು ಆಗಾಗ ಎಂಜಲು ನುಂಗುತ್ತಲೇ ಇರುತ್ತೇವೆ. ಎಂಜಲಿನಲ್ಲಿ ಕ್ಷಾರದ ಅಂಶ ಇದೆ, ಮೇಲೆ ಬಂದ ಆಸಿಡ್ಡನ್ನು ತೊಳೆದು ತಣಿಸುತ್ತದೆ. ನಿದ್ದೆಯಲ್ಲಿ ಎಂಜಲೂ ಕಡಿಮೆ, ನುಂಗುವುದೂ ಕಡಿಮೆ. ಅದಕ್ಕೇ ಹಗಲು ಗೊತ್ತೇ ಆಗದಷ್ಟು ಹುಳಿ ರಾತ್ರಿ ಎರಡಕ್ಕೆ ನಿಮ್ಮನ್ನು ಎಬ್ಬಿಸುತ್ತದೆ.

ಮಾತ್ರೆಯನ್ನೂ ತಪ್ಪು ಹೊತ್ತಿಗೆ ತೆಗೆದುಕೊಳ್ಳುತ್ತಿದ್ದೀರಿ. ಪ್ಯಾಂಟೊಪ್ರಝೋಲ್ ಬೆಂಕಿಗೆ ನೀರು ಹಾಕುವ ಔಷಧಿ ಅಲ್ಲ. ಹೊಟ್ಟೆಯಲ್ಲಿ ಆಸಿಡ್ ಸುರಿಸುವ ಪಂಪುಗಳಿವೆ, ಅವು ಊಟಕ್ಕೆ ಚಾಲೂ ಆಗುತ್ತವೆ, ಚಾಲೂ ಆದ ಪಂಪನ್ನು ಮಾತ್ರ ಈ ಮಾತ್ರೆ ಹಿಡಿಯುತ್ತದೆ. ಅದಕ್ಕೇ ಖಾಲಿ ಹೊಟ್ಟೆಗೆ, ತಿನ್ನುವ ಅರ್ಧದಿಂದ ಒಂದು ಗಂಟೆ ಮೊದಲು, ದಿನಾ ತಪ್ಪದೆ ತೆಗೆದುಕೊಳ್ಳಬೇಕು. ಪೂರ್ತಿ ಗುಣ ಕಾಣಲು ಕೆಲವು ದಿನ ಬೇಕು. ಎಷ್ಟು ವಾರ ಅಂತ ಡಾಕ್ಟರ್ ಹೇಳಲಿ, ಮೆಡಿಕಲ್‌ನವನಲ್ಲ. ಒಂದು ಮಾತು: ತುಂಬ ದಿನ ನುಂಗಿ ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ಆಸಿಡ್ ಕೆಲ ದಿನ ಜಾಸ್ತಿ ಬರುತ್ತದೆ.

ಮಾಮನ ಹಾಲು ಆ ಕ್ಷಣಕ್ಕೆ ತಂಪು, ನಿಜ. ಆದರೆ ಹಾಲು ಸ್ವತಃ ಆಸಿಡ್ ಸುರಿಯಲು ಹೇಳುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಪುನರ್ಪುಳಿ ಹುಳಿ, ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇನ್ನೂ ಉರಿ. ಈನೋ ಅಂದರೆ ಸೋಡಾ, ಗ್ಯಾಸ್ ಎಬ್ಬಿಸಿ ತೇಗು ತರಿಸುತ್ತದೆ. ಯಾವಾಗಲೋ ಒಮ್ಮೆ ಸರಿ. ದಿನಾ ಕುಡಿದರೆ ಸೋಡಿಯಂ ಜಾಸ್ತಿ ಹೊಟ್ಟೆಗೆ ಹೋಗುತ್ತದೆ, ಬಿಪಿ ಇದ್ದವರು ಅದರ ಸಹವಾಸ ಕಡಿಮೆ ಮಾಡಬೇಕು.

ತಮ್ಮ, ಎರಡು ಪ್ರಶ್ನೆ. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ? ಯಾವ ಮಗ್ಗುಲಿಗೆ ಮಲಗುತ್ತೀರಿ?

—

ಡೊಂಬಿವಲಿ ಫಾಸ್ಟ್:

ಅಕ್ಕ, ಬಿಪಿ ಇದೆ. ಹೋದ ವರ್ಷದಿಂದ ಅಮ್ಲೋಡಿಪಿನ್ 5. ಮಲಗುವುದು ಬಲಕ್ಕೆ, ಎಡಕ್ಕೆ ಗೋಡೆ, ಫ್ಯಾನ್ ಗಾಳಿ ಬರಲ್ಲ. ಸಂಬಂಧ ಏನು?

—

ಪಿಂಪರಿ ಅಕ್ಕ:

ಎರಡಕ್ಕೂ ಸಂಬಂಧ ಇದೆ. ಅಮ್ಲೋಡಿಪಿನ್ ಇರುವ ಗುಂಪಿನ ಮಾತ್ರೆಗಳು ರಕ್ತನಾಳದ ಸ್ನಾಯು ಸಡಿಲ ಮಾಡಿ ಬಿಪಿ ಇಳಿಸುತ್ತವೆ, ಅನ್ನನಾಳದ ಆ ದಾರವನ್ನೂ ಒಂದಿಷ್ಟು ಸಡಿಲ ಮಾಡಬಹುದು. ಎಲ್ಲರಿಗೂ ಆಗುತ್ತೆ ಅಂತಲ್ಲ. ದಯವಿಟ್ಟು ನೀವಾಗೇ ನಿಲ್ಲಿಸಬೇಡಿ. ಬಿಪಿ ಡಾಕ್ಟರಿಗೆ ಎದೆ ಉರಿ ಯಾವಾಗ ಶುರುವಾಯಿತು ಅಂತ ಹೇಳಿ, ಬೇಕಿದ್ದರೆ ಅವರೇ ಬೇರೆ ಗುಂಪಿನದು ಬರೆಯುತ್ತಾರೆ.

ಮಲಗುವುದು ಎಡಕ್ಕೆ. ಎಡ ಮಗ್ಗುಲಲ್ಲಿ ಹೊಟ್ಟೆಯ ಚೀಲ ಕೆಳಗೆ, ಅನ್ನನಾಳದ ಬಾಯಿ ಮೇಲೆ ಇರುತ್ತದೆ. ಬಲಕ್ಕೆ ತಿರುಗಿದರೆ ಬಾಯಿ ಆಸಿಡ್‌ನಲ್ಲಿ ಮುಳುಗಿದ ಹಾಗೆ. ಪುಣೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚಿ ವಾಮಕುಕ್ಷಿ, ಅಂದರೆ ಊಟದ ಮೇಲಿನ ನಿದ್ದೆ, ಮಾಡುತ್ತಾರೆ ಅಂತ ನೀವು ಮುಂಬೈನವರು ನಗುತ್ತೀರಲ್ಲ, ವಾಮ ಅಂದ್ರೆ ಎಡ! ನಿದ್ದೆಯ ವಿಷಯ ಬಿಡಿ, ಮಗ್ಗುಲಂತೂ ಸರಿಯಾಗಿದೆ.

ಮಂಚದ ತಲೆಭಾಗದ ಕಾಲುಗಳಿಗೆ ಆರರಿಂದ ಎಂಟು ಇಂಚು ಎತ್ತರ ಕೊಡಿ. ದಿಂಬು ಪೇರಿಸಬೇಡಿ, ಸೊಂಟ ಮಡಚಿ ಹೊಟ್ಟೆಗೇ ಒತ್ತಡ ಬೀಳುತ್ತದೆ. ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಬೇಕು.

—

ವಾಸ್ಕೋ ಕಡಲು:

ನಾನೂ ಸೇರಿಕೊಳ್ಳುತ್ತೇನೆ, ನನ್ನ ಕಥೆ ಉಲ್ಟಾ. ಎರಡು ವರ್ಷ 'ಆಸಿಡಿಟಿ' ಅಂತ ಒಂದು ಕ್ಲಿನಿಕ್ಕಿನಲ್ಲಿ ಮಾತ್ರೆ ಬದಲಿಸಿ ಬದಲಿಸಿ ಕೊಟ್ಟರು. ಉರಿ ಇತ್ತು, ಹೌದು. ಆದರೆ ಅನ್ನ ಎದೆಯಲ್ಲೇ ನಿಲ್ಲುತ್ತಿತ್ತು. ಎದ್ದು ನಿಂತು, ಭುಜ ಹಿಂದಕ್ಕೆ ಮಾಡಿ, ಒಂದು ಚೊಂಬು ನೀರು ಕುಡಿದರೆ ಬುಳಕ್ ಅಂತ ಇಳಿಯುತ್ತಿತ್ತು. ಕೊನೆಕೊನೆಗೆ ನೀರೂ ನಿಲ್ಲತೊಡಗಿತು. ಮದುವೆ ಮನೆಯಲ್ಲಿ ಊಟಕ್ಕೆ ಕೂರುವುದನ್ನೇ ಬಿಟ್ಟೆ. ಒಂದು ಬೆಳಿಗ್ಗೆ ದಿಂಬಿನ ಮೇಲೆ ಹಿಂದಿನ ರಾತ್ರಿಯ ಅನ್ನ ಬಿದ್ದಿತ್ತು, ಹುಳಿ ವಾಸನೆಯೇ ಇಲ್ಲ, ಅಗುಳು ಅಗುಳಾಗಿ. ಅಂದರೆ ಅದು ಹೊಟ್ಟೆಗೆ ಹೋಗೇ ಇರಲಿಲ್ಲ!

ಎಂಡೋಸ್ಕೋಪಿಯಲ್ಲಿ ಏನೂ ಸಿಗಲಿಲ್ಲ. ಮುಂಬೈಗೆ ಹೋದಾಗ ಒಬ್ಬರು ಮ್ಯಾನೋಮೆಟ್ರಿ ಅಂತ, ಅನ್ನನಾಳದ ಒತ್ತಡ ಅಳೆಯುವ ಪರೀಕ್ಷೆ, ಮಾಡಿಸಿದರು. ಮೂಗಿನಿಂದ ಸಣ್ಣ ನಳಿಗೆ ಇಳಿಸಿ ಮಲಗಿಸಿ, ಹತ್ತು ಸಲ ಒಂದೊಂದು ಚಮಚದಷ್ಟು ನೀರು ನುಂಗಿಸಿದರು. ಪರದೆ ಮೇಲೆ ಬಣ್ಣ ಬಣ್ಣದ ಪಟ್ಟಿ. ಅಕ್ಕ ಹೇಳಿದ ದಾರ ನನಗೆ ಬಿಚ್ಚುತ್ತಲೇ ಇರಲಿಲ್ಲ, ಹಿಂಡುವ ಅಲೆಯೂ ಇಲ್ಲ. ಅಕಲೇಸಿಯಾ ಅಂತ ಹೆಸರು. ಉಳಿದ ಅನ್ನ ಅಲ್ಲೇ ಕೊಳೆತು ಉರಿ ಬರುತ್ತಿತ್ತಂತೆ. ಅದಕ್ಕೆ ಆಸಿಡ್ ಮಾತ್ರೆ ಏನು ಮಾಡೀತು? ಬಾಯೊಳಗಿಂದಲೇ ಎಂಡೋಸ್ಕೋಪ್ ಹಾಕಿ ಆ ಸ್ನಾಯು ಕತ್ತರಿಸಿದರು. ಈಗ ಅನ್ನ ಇಳಿಯುತ್ತದೆ. ತಮಾಷೆ ಅಂದ್ರೆ ದಾರ ಕತ್ತರಿಸಿದ ಮೇಲೆ ನಿಜವಾದ ಎದೆ ಉರಿ ಶುರುವಾಗಿ ಈಗ ನಾನೂ ಬೆಳಿಗ್ಗೆ ಖಾಲಿ ಹೊಟ್ಟೆ ಮಾತ್ರೆಯ ಗಿರಾಕಿ.

ಡೊಂಬಿವಲಿ ಸರ್, ನಿಮಗೆ ನುಂಗಲು ತೊಂದರೆ ಇದೆಯಾ?

—

ಡೊಂಬಿವಲಿ ಫಾಸ್ಟ್:

ಇಲ್ಲ ಸರ್, ರೊಟ್ಟಿ ಸಲೀಸಾಗಿ ಇಳಿಯುತ್ತೆ. ತೂಕ ಇಳಿದಿಲ್ಲ, ಏರಿದೆ, ಬೆಲ್ಟಿಗೆ ಹೊಸ ತೂತು ಹಾಕಿಸಿದ್ದೇನೆ.

—

ಪಿಂಪರಿ ಅಕ್ಕ:

ಆ ಬೆಲ್ಟ್ ಸಡಿಲ ಬಿಡಿ, ಸೊಂಟದ ಕೊಬ್ಬೂ ಬಿಗಿ ಬೆಲ್ಟೂ ಹೊಟ್ಟೆಯನ್ನು ಹಿಂಡುತ್ತವೆ. ವಾಸ್ಕೋ ತಮ್ಮ ಹೇಳಿದ್ದು ಎಲ್ಲರೂ ನೆನಪಿಡಿ. ನುಂಗಲು ಕಷ್ಟ, ಕಾರಣ ಇಲ್ಲದೆ ತೂಕ ಇಳಿತ, ಕಪ್ಪು ಮಲ, ರಕ್ತವಾಂತಿ, ಇದ್ದರೆ ಇಲ್ಲಿ ಬರೆಯುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ಎದೆ ಬಿಗಿದು ಕೈ ದವಡೆಗೆ ನೋವು ಹರಿದು ಬೆವರು ಬಂದರೆ ಗ್ಯಾಸ್ ಅಂತ ಕೂರಬೇಡಿ, ಮೊದಲು ಇಸಿಜಿ. ತಮ್ಮ, ಎಂಟು ತಿಂಗಳು ಆಯಿತಲ್ಲ, ನೀವೂ ಒಮ್ಮೆ ಹೊಟ್ಟೆ ಡಾಕ್ಟರಿಗೆ ತೋರಿಸಿ.

—

ಮಾಟುಂಗಾ ಮಾಮ:

ಅಕ್ಕ, ನನಗೆ ಬಿಪಿ ಇದೆ. ಡ್ರಾಯರ್ ಖಾಲಿ ಮಾಡಿದೆ. ಆದರೆ ಒಂದು ಕೇಳುತ್ತೇನೆ, ಹತ್ತಕ್ಕೆ ಮನೆಗೆ ಬರುವವನು ಮೂರು ಗಂಟೆ ಅಂತರ ಎಲ್ಲಿಂದ ತರಬೇಕು? ತಮ್ಮ, ಒಂದು ಕೆಲಸ ಮಾಡಿ. ರೈಲು ಹತ್ತುವ ಮೊದಲು ಏಳೂವರೆಗೆ ಎರಡು ಇಡ್ಲಿಯೋ ರೊಟ್ಟಿ ಡಬ್ಬಿಯೋ ಮುಗಿಸಿಬಿಡಿ. ಮನೆಗೆ ಬಂದು ಒಂದು ಲೋಟ ಮಜ್ಜಿಗೆ, ಅಷ್ಟೇ. ನಮ್ಮ ಹೋಟೆಲಿಗೆ ಏಳಕ್ಕೆ ಹಾಗೆ ಬಂದು ತಿಂದು ಹೋಗುವವರು ಬೇಕಾದಷ್ಟು ಜನ ಇದ್ದಾರೆ.

—

ಡೊಂಬಿವಲಿ ಫಾಸ್ಟ್ (ಹನ್ನೆರಡು ದಿನದ ನಂತರ):

ಬಿಪಿ ಡಾಕ್ಟರ್ ಮಾತ್ರೆ ಬದಲಿಸಿದರು. ಹೊಟ್ಟೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ಶನಿವಾರ. ಎರಡನೇ ಡಬ್ಬಿ ಶುರು ಮಾಡಿದೆ, ಏಳೂವರೆಗೆ ಮೇಜಿನ ಮೇಲೇ ಊಟ, ಪ್ಯೂನ್ ನೋಡಿ ನಗುತ್ತಾನೆ. ಪಕ್ಕದ ಬಿಲ್ಡಿಂಗ್ ರಿಪೇರಿಯವರಿಂದ ನಾಲ್ಕು ಇಟ್ಟಿಗೆ ತಂದು ಮಂಚಕ್ಕೆ ಕೊಟ್ಟೆ. ಮೊದಲ ರಾತ್ರಿ ಮಗ ಜಾರಿ ಜಾರಿ ಕಾಲ ಬುಡಕ್ಕೆ ಹೋಗಿ ಮಲಗಿದ್ದ, ಈಗ ಅವನಿಗೆ ಕೆಳಗೆ ಬೇರೆ ಹಾಸಿಗೆ. ಫ್ಯಾನ್ ವಿಷಯ ಹೆಂಡತಿ ಬಗೆಹರಿಸಿದಳು, ದಿಂಬು ಆ ಕಡೆ ಹಾಕಿ ಇಟ್ಟಿಗೆಯನ್ನೂ ಆ ಕಡೆಗೆ ಬದಲಿಸಿದಳು, ಈಗ ಎಡಕ್ಕೆ ತಿರುಗಿದರೆ ಗೋಡೆ ಇಲ್ಲ.

ಹನ್ನೆರಡು ರಾತ್ರಿಯಲ್ಲಿ ಎರಡು ಸಲ ಎದ್ದಿದ್ದೇನೆ. ಅದರಲ್ಲಿ ಒಂದು ಅಣ್ಣನ ಮಗನ ಹುಟ್ಟುಹಬ್ಬದ ರಾತ್ರಿ, ಹನ್ನೊಂದೂವರೆಗೆ ಪಾವ್‌ಭಾಜಿ ತಿಂದೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಅಕ್ಕ, ರಂಜಕದ ಡಬ್ಬಿ ತೆಗೆಯಬಹುದಾ? ಮಧ್ಯಾಹ್ನ ಮಾತ್ರ.

—

ಪಿಂಪರಿ ಅಕ್ಕ:

ಶನಿವಾರ ಡಾಕ್ಟರನ್ನು ಕೇಳಿ. ನನ್ನ ಮಟ್ಟಿಗೆ, ತಿಂದು ನೋಡಿ, ಉರಿದರೆ ಬಿಡಿ, ಉರಿಯದಿದ್ದರೆ ನನಗೂ ಸ್ವಲ್ಪ ಕಳಿಸಿ.