ಪದಚರ್ಚೆ: ಪಾಸ್‌ಗೂ ಕಣಿವೆ, ವ್ಯಾಲಿಗೂ ಕಣಿವೆ?

ಎಲ್ಲರಿಗೂ ನಮಸ್ಕಾರ.

ಬೇಸಿಗೆಯಲ್ಲಿ ಹುಬ್ಬಳ್ಳಿ-ಧಾರವಾಡದಿಂದ ಮನಾಲಿ–ಲೇಹ್ ದಾರಿಗೆ ಮೋಟಾರ್‌ಸೈಕಲ್ ಒಯ್ಯುವವರಿಗಾಗಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಟೈರಿನ ಪುಟದಲ್ಲಿ ಒಂದು ವಾಕ್ಯ ಹೀಗಿದೆ: ‘ಕಣಿವೆಯಲ್ಲಿ ತುಂಬಿಸಿದ ಗಾಳಿಯನ್ನು ಕಣಿವೆಯಲ್ಲಿ ಬಿಡಬೇಡಿ.’ ಮೊದಲನೆಯದು ವ್ಯಾಲಿ (ಬೆಟ್ಟಗಳ ನಡುವಿನ ತಗ್ಗು), ಎರಡನೆಯದು ಪಾಸ್ (ಬೆಟ್ಟಸಾಲು ದಾಟುವ ಎತ್ತರದ ದಾರಿ). ಖೈಬರ್ ಕಣಿವೆ ಎಂದು ಶಾಲೆಯಲ್ಲಿ ಓದಿದ್ದೇವೆ, ಕಾಶ್ಮೀರ ಕಣಿವೆ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಸವಾರನಿಗೆ ಮಾತ್ರ ಒಂದು ಕೆಳಗಿನ ಸುಡುವ ಜಾಗ, ಇನ್ನೊಂದು ಮೇಲಿನ ನಡುಗುವ ಜಾಗ.

ಇಲ್ಲಿ ಗೊಂದಲವಾದರೆ ಅಪಾಯ. ಗಾಳಿಯ ಗೇಜು ತೋರಿಸುವುದು ಟೈರಿನ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. 760 ಮೀಟರ್ ಎತ್ತರದ, ಹಿಮಾಚಲದ ಮಂಡಿ ಊರಿನಲ್ಲಿ 29 ಪಿಎಸ್‌ಐ (ಟೈರಿನ ಒತ್ತಡದ ಅಳತೆ) ಹಾಕಿಸಿದ ಟೈರು, ಅಷ್ಟೇ ಬೆಚ್ಚಗಿದ್ದರೆ, ಲೇಹ್‌ನ ಆಚೆ 5,359 ಮೀಟರಿನ ಖರ್ದುಂಗ್ ಲಾದಲ್ಲಿ 34-35 ತೋರಿಸುತ್ತದೆ. ಅಲ್ಲಿ ಹೊರಗಿನ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಹೆಚ್ಚಾಯಿತೆಂದು ಅಲ್ಲೇ ಗಾಳಿ ಬಿಟ್ಟರೆ, ಕೆಳಗೆ ಇಳಿದಾಗ ಟೈರು ಮೆತ್ತಗಾಗಿ, ಅದರ ಪಕ್ಕದ ಗೋಡೆ ಮಡಚಿ ಮಡಚಿ ಕಾಯುತ್ತದೆ.

ಇನ್ನೊಂದು ಪ್ರಶ್ನೆ: ಉದ್ದನೆಯ ಇಳಿಜಾರಿನಲ್ಲಿ ‘ಬ್ರೇಕ್ ಫೇಡ್’ (ಬ್ರೇಕ್ ಕಾದು ಕೆಲಸ ಮಾಡದಿರುವುದು) ಆಗುವುದಕ್ಕೆ ಕನ್ನಡದಲ್ಲಿ ಏನನ್ನೋಣ?

— ಹುಬ್ಬಳ್ಳಿಯಿಂದ

ಉತ್ತರ:

ನಮಸ್ಕಾರ್ರೀ. ಕಣಿವೆಯ ಹಳೆಯ ಅರ್ಥ ಗುಡ್ಡಗಳ ನಡುವಿನ ಇಕ್ಕಟ್ಟು ದಾರಿ. ತಮಿಳಿನ ಕಣವಾಯ್, ತೆಲುಗಿನ ಕನುಮ ಇವತ್ತಿಗೂ ಪಾಸ್‌ಗೇ ಸಲ್ಲುತ್ತವೆ. ವೇದಾವತಿ ಎರಡು ಗುಡ್ಡಗಳ ಸಂದಿಯಲ್ಲಿ ನುಗ್ಗುವ ಜಾಗಕ್ಕೆ ಮಾರಿಕಣಿವೆ ಎಂಬ ಹೆಸರು ಬಂದದ್ದೂ ಹಾಗೇ. ನಮ್ಮ ಕಡೆಯ ‘ಕಣವಿ’ಯೂ ಇದೇ ಮಾತು. ಆದರೆ ಈಗ ವ್ಯಾಲಿಯ ಅರ್ಥವೇ ಗಟ್ಟಿಯಾಗಿ ಕೂತಿದೆ. ಹಳೆಯದನ್ನು ಹಟ ಹಿಡಿದು ಎಳೆದು ತಂದರೆ ಓದುವವ ಮೋಸಹೋಗುತ್ತಾನೆ. ಕೈಪಿಡಿಯಲ್ಲಿ ಕಣಿವೆ ಬೇಡವೇ ಬೇಡ.

ಹಾಗಾದರೆ ಘಟ್ಟ? ನಮಗೆ ರೂಢಿಯ ಪದವೇನೋ ಹೌದು, ಆದರೆ ನಮ್ಮ ಘಟ್ಟಕ್ಕೆ ಒಂದೇ ಮಗ್ಗಲು. ಯಲ್ಲಾಪುರದ ತನಕ ಬಯಲಿನಲ್ಲೇ ಹೋಗಿ, ಆಮೇಲೆ ಅರಬೈಲಿನಲ್ಲಿ ಅಂಕೋಲೆಯ ಕಡೆಗೆ ಇಳಿಯುವುದಷ್ಟೇ. ಹಿಮಾಲಯದಲ್ಲಿ ಒಂದು ಮಗ್ಗಲಲ್ಲಿ ಏರಿ ಇನ್ನೊಂದು ಮಗ್ಗಲಲ್ಲಿ ಇಳಿಯಬೇಕು, ಗಾಡಿಯ ವರ್ತನೆ ಬದಲಾಗುವುದು ನಡುವಿನ ಆ ತುದಿಯಲ್ಲಿ. ಆದ್ದರಿಂದ ಏರಿಳಿವ ರಸ್ತೆಗೆ ಘಟ್ಟ, ರಸ್ತೆಯ ಅತಿ ಎತ್ತರದ ಜಾಗಕ್ಕೆ ಘಟ್ಟದ ನೆತ್ತಿ ಎನ್ನಿ. ಬೆಟ್ಟದ ನೆತ್ತಿ ಎಂದರೆ ಶಿಖರವಾಗಿಬಿಡುತ್ತದೆ, ಅದು ಬೇಡ. ವ್ಯಾಲಿಗೆ ಕೊಳ್ಳ ಇದೆಯಲ್ಲ. ಕೃಷ್ಣಾ ಕೊಳ್ಳ, ಕಾವೇರಿ ಕೊಳ್ಳ ಎಲ್ಲರಿಗೂ ಗೊತ್ತು. ಭಾಗಾ ಕೊಳ್ಳ, ನುಬ್ರಾ ಕೊಳ್ಳ ಎಂದರೆ ಓದಲೂ ಸಲೀಸು.

ಲಾ ಎಂದರೇ ಲಡಾಖಿಯಲ್ಲಿ ಪಾಸ್. ‘ಬಾರಾಲಾಚಾ ಲಾ ಪಾಸ್’ ಎಂದು ಬರೆಯಬೇಕಿಲ್ಲ, ಬಾರಾಲಾಚಾ ಲಾ ಸಾಕು.

ನಿಮ್ಮ ವಾಕ್ಯ ಈಗ: ‘ಕೊಳ್ಳದಲ್ಲಿ ಬೆಳಿಗ್ಗೆ ಟೈರು ತಣ್ಣಗಿದ್ದಾಗ ಗಾಳಿ ನೋಡಿ, ಘಟ್ಟದ ನೆತ್ತಿಯಲ್ಲಿ ಬಿಡಬೇಡಿ.’ ಕಾರ್ಬ್ಯುರೇಟರಿನ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಪುಟಕ್ಕೂ ಇದೇ ಜೋಡಿ ಒದಗುತ್ತದೆ. ನೆತ್ತಿಯಲ್ಲಿ ಗಾಳಿ ತೆಳುವಾಗಿ ಪೆಟ್ರೋಲ್ ಹೆಚ್ಚಾಗುತ್ತದೆ. ಕಪ್ಪು ಹೊಗೆ ಬಂದು ಪ್ಲಗ್‌ಗೆ ಮಸಿ ಹಿಡಿಯುತ್ತದೆ. ಅದರ ಏರ್ ಸ್ಕ್ರೂ ತಿರುಗಿಸಿದರೆ ಐಡಲ್ (ನಿಂತಲ್ಲೇ ಇಂಜಿನ್ ಓಡುವುದು) ಅಷ್ಟೇ ಸುಧಾರಿಸುತ್ತದೆ, ಏರಿನ ಎಳೆತಕ್ಕೆ ಸಣ್ಣ ಮೇನ್ ಜೆಟ್ (ಪೆಟ್ರೋಲ್ ಬಿಡುವ ತೂತಿನ ಬಿಡಿಭಾಗ) ಬೇಕು. ಕೊಳ್ಳಕ್ಕೆ ಇಳಿದ ಮೇಲೆ ಹಳೆಯ ಜೆಟ್ಟನ್ನೇ ಹಾಕಬೇಕು, ಇಲ್ಲದಿದ್ದರೆ ಪೆಟ್ರೋಲ್ ಸಾಲದೆ ಇಂಜಿನ್ ಕಾಯುತ್ತದೆ. ಕಾರ್ಬ್ಯುರೇಟರ್ ಇಲ್ಲದ ಫ್ಯುಯೆಲ್ ಇಂಜೆಕ್ಷನ್ ಗಾಡಿ ಇದನ್ನು ತಾನೇ ಹೊಂದಿಸಿಕೊಳ್ಳುತ್ತದೆ.

ಬ್ರೇಕಿನ ವಿಷಯದಲ್ಲಿ ಒಂದೇ ಪದ ಹುಡುಕಬೇಡಿ, ದೋಷ ಎರಡಿವೆ. ಲಿವರ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ತಪ್ಪಿದೆ. ಗ್ಯಾರೇಜಿನವರು ‘ಬ್ರೇಕ್ ಹಿಡೀವಲ್ದು’ ಎನ್ನುವುದು ಇದಕ್ಕೆ ಸರಿಹೊಂದುತ್ತದೆ. ಲಿವರ್ ಮೆತ್ತಗಾಗಿ ಹ್ಯಾಂಡಲ್ ತನಕ ಬಂದರೆ ಬ್ರೇಕ್ ಆಯಿಲ್ ಕುದ್ದು ಒಳಗೆ ಆವಿಯಾಗಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಬಿಂದು ಕನಿಷ್ಠ 230 ಡಿಗ್ರಿ, ಶೇ 3.7ರಷ್ಟು ನೀರು ಹೀರಿಕೊಂಡ ಮೇಲೆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಆದ್ದರಿಂದ ಹೊರಡುವ ಮುಂಚೆಯೇ ಹೊಸ ಆಯಿಲ್ ಹಾಕಿಸಬೇಕು. ಮೊದಲನೆಯದಕ್ಕೆ ‘ಹಿಡಿತ ತಪ್ಪುವುದು’, ಎರಡನೆಯದಕ್ಕೆ ‘ಆಯಿಲ್ ಕುದಿಯುವುದು’ ಎಂದೇ ಬರೆಯಿರಿ. ಎರಡಕ್ಕೂ ಮುನ್ನೆಚ್ಚರಿಕೆ ಒಂದೇ: ಏರಿದ ಗೇರಿನಲ್ಲೇ ಇಳಿಯಬೇಕು, ನ್ಯೂಟ್ರಲ್ ಹಾಕಬಾರದು, ಬ್ರೇಕನ್ನು ಒತ್ತಿ ಹಿಡಿದೇ ಇರದೆ ಬಿಟ್ಟು ಬಿಟ್ಟು ಹಿಡಿಯಬೇಕು.

ಒಂದು ಸಂಶಯ ಉಳಿದಿದೆ. ಕೆಲವರಿಗೆ ಕೊಳ್ಳ ಎಂದರೆ ಮಳೆಗಾಲದಲ್ಲಷ್ಟೇ ನೀರು ಹರಿಯುವ ಕೊರಕಲು. ಹಾವೇರಿ, ರಾಣೇಬೆನ್ನೂರು ಕಡೆಯವರು ನಿಮ್ಮಲ್ಲಿ ಯಾವ ಅರ್ಥವಿದೆ ತಿಳಿಸಿರಿ. ಕೊರಕಲಿನ ಅರ್ಥವೇ ಮುಂದಿದ್ದರೆ ‘ಹೊಳೆಸಾಲು’ ಹಾಕಬಹುದು.

— ಧಾರವಾಡದಿಂದ