ಸಾಂಬ್ರಾಣಿ ಸೊಪ್ಪು: ಮಗುವಿಗೆ ಹೇಗೆ ಕೊಡುತ್ತೀರಿ?

ಕುಂಬಳೆಯಿಂದ ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಮಳೆ ಶುರುವಾದರೆ ಸಾಕು, ಶೀತ, ಕೆಮ್ಮು. ಸಾಂಬ್ರಾಣಿ ಸೊಪ್ಪಿನ (ದೊಡ್ಡಪತ್ರೆ, ಮಲಯಾಳದ ಪನಿಕೂರ್ಕ) ರಸ ಕೊಡು ಅಂತಾರೆ ಅತ್ತೆ. ಬ್ಯಾಕ್ಟೀರಿಯಾ ಕೊಲ್ಲುತ್ತದಂತೆ, ಆಂಟಿಆಕ್ಸಿಡೆಂಟ್ ಇದೆಯಂತೆ. ನಿಜವಾ? ಕೊಡುವುದು ಹೇಗೆ?

ಬದಿಯಡ್ಕದಿಂದ: ಅಕ್ಕ, ನಾವು ಹಸಿ ರಸ ಕೊಡುವುದಿಲ್ಲ. ಬಾಯಿ ಚುರುಚುರು ಅನ್ನುತ್ತದೆ, ಮಕ್ಕಳು ಉಗುಳುತ್ತಾರೆ. ದೋಸೆ ಹೊಯ್ದು ಮುಗಿದ ಮೇಲೆ ಬಿಸಿ ಕಾವಲಿಗೆ ಎರಡು ಎಲೆ ಹಾಕಿ. ಬಾಡಿ, ಬೆವರಿದ ಹಾಗೆ ಆಗುತ್ತದೆ. ಆಗ ಹಿಂಡಿದರೆ ರಸ ಸುಲಭದಲ್ಲಿ ಬರುತ್ತದೆ. ಅರ್ಧ ಚಮಚಕ್ಕೆ ಅಷ್ಟೇ ಜೇನು. (ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ.)

ಎಲೆ ಉಜ್ಜಿದರೆ ಓಮದ ವಾಸನೆ ಬರುತ್ತದಲ್ವಾ, ಅದು ಕಾರ್ವಕ್ರಾಲ್, ಥೈಮಾಲ್ ಎಂಬ ಎಣ್ಣೆ ಅಂಶಗಳದ್ದು. ಬ್ಯಾಕ್ಟೀರಿಯಾದ ಹೊರಪೊರೆ ಸಡಿಲ ಮಾಡಿ ಒಳಗಿನದು ಸೋರುವ ಹಾಗೆ ಮಾಡುತ್ತವೆ. ರೋಸ್ಮರಿನಿಕ್ ಆಮ್ಲವೂ ಇದೆ, ಆಂಟಿಆಕ್ಸಿಡೆಂಟ್ ಅನ್ನುವುದು ಅದಕ್ಕೆ. ಆದರೆ ಲ್ಯಾಬಿನಲ್ಲಿ ಪರೀಕ್ಷಿಸುವುದು ಬಟ್ಟಿ ಇಳಿಸಿದ ಎಣ್ಣೆ, ಗಟ್ಟಿ ಸಾರ. ನಮ್ಮ ಅರ್ಧ ಚಮಚ ಎಲ್ಲಿ, ಅದೆಲ್ಲಿ! ಮತ್ತೆ ಶೀತ ಹೆಚ್ಚಾಗಿ ವೈರಸ್‌ನಿಂದ ಬರುವುದು. ಅಲ್ಲಿ ಬ್ಯಾಕ್ಟೀರಿಯಾ ಕೊಂದು ಏನು ಪ್ರಯೋಜನ? ಗಂಟಲಿಗೆ ಹಿತ, ನನಗೆ ಅಷ್ಟು ಸಾಕು.

ಪೆರ್ಲದಿಂದ: ಆ ಕೊಲ್ಲುವ ಗುಣ ನಂಬಿ ನಾನು ಕೆಟ್ಟೆ ಮಾರಾಯ್ರೆ. ತೋಟದಲ್ಲಿ ಹುಲ್ಲು ಹೆರೆಯುವಾಗ ಕತ್ತಿ ಕಾಲಿಗೆ ತಾಗಿತು. ಇದೇ ಸೊಪ್ಪು ಗುದ್ದಿ ಕಟ್ಟಿದೆ. ಮೂರನೇ ದಿನ ಬಿಚ್ಚಿದರೆ ಕೀವು, ಎಲೆಯ ಚೂರು ಗಾಯದೊಳಗೇ ಅಂಟಿತ್ತು. ಡಾಕ್ಟರು ತೊಳೆದು ಟಿಟಿ ಕೊಟ್ಟರು, ಬೈಗುಳ ಬೇರೆ.

ಮಂಜೇಶ್ವರದಿಂದ: ನಮ್ಮ ಮಕ್ಕಳು ರಸ ಮುಟ್ಟುವುದಿಲ್ಲ, ಪೋಡಿ (ಎಲೆಯ ಬಜ್ಜಿ) ಕರಿದರೆ ತಟ್ಟೆ ಖಾಲಿ. ಅದನ್ನು ಮದ್ದಿನ ಲೆಕ್ಕಕ್ಕೆ ಹಿಡಿಯಬೇಡಿ. ತಂಬುಳಿ ಮಾಡಿ: ಎಲೆ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿ ಜೊತೆ ರುಬ್ಬಿ, ಮಜ್ಜಿಗೆಗೆ ಹಾಕಿ. ಎಲೆ ಜಾಸ್ತಿ ಹುರಿಯಬೇಡಿ, ವಾಸನೆ ಹಾರಿದರೆ ಎಣ್ಣೆಯೂ ಹಾರಿತು.

ಬದಿಯಡ್ಕದಿಂದ: ಒಂದು ಬಿಟ್ಟೆ. ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋದರೆ, ಜ್ವರ ಮೂರು ದಿನವಾದರೂ ಬಿಡದಿದ್ದರೆ ಕಾವಲಿ ಬಿಸಿ ಮಾಡ್ತಾ ಕೂರಬೇಡಿ. ಸೀದಾ ಆಸ್ಪತ್ರೆ.

ಕುಂಬಳೆಯಿಂದ: ಅತ್ತೆಗೆ ಓದಿ ಹೇಳಿದೆ. "ಗಾಯಕ್ಕೆ ಕಟ್ಟಲಿಕ್ಕೆ ನಾನು ಹೇಳಿದ್ದೆನಾ?" ಅಂದರು! ಅದಿರಲಿ, ಚಟ್ಟಿಯ ಗಿಡದ ಬುಡ ಕೊಳೆಯುತ್ತಿದೆ, ಏನು ಮಾಡಲಿ?

ಪೆರ್ಲದಿಂದ: ಮಾಡಿನ ನೀರು ಬೀಳದ ಕಡೆ ಇಡಿ. ಒಂದು ಗೆಲ್ಲು ಮುರಿದು ಬೇರೆ ಚಟ್ಟಿಗೆ ಊರಿ, ಬದುಕುತ್ತದೆ.